ಕೆಂಪು ಗೆರೆ ಎಳೆದ ಹದಿನೆಂಟು

"ಅವರ ಕೈ ಬಿಡಿ. ಮೊದಲು ಬಿಡಿ."

ಟಲ್ಲೋವಾ ಊರಿನ ಡಯಾಲಿಸಿಸ್ ಕೇಂದ್ರಕ್ಕೆ ಹೊಸದಾಗಿ ಬಂದ ಡಾಕ್ಟರ್ ಡೆಲ್ಫಿನ್ ಪೆಟ್‌ವೇ ಅಲ್ಲಿ ಆಡಿದ ಮೊದಲ ಮಾತು ಇದು. ಬೆಳಗಿನ ಏಳು ಗಂಟೆ. ಹನ್ನೆರಡು ಕುರ್ಚಿಗಳಲ್ಲಿ ಹನ್ನೆರಡು ಜನ ಕಂಬಳಿ ಹೊದ್ದು ಒರಗಿದ್ದರು. ಪಕ್ಕದ ಯಂತ್ರಗಳು ಅವರ ರಕ್ತವನ್ನು ಹೊರಗೆಳೆದು, ತೊಳೆದು, ಮತ್ತೆ ಒಳಗೆ ಕಳಿಸುತ್ತಿದ್ದವು.

ಆರನೆಯ ಕುರ್ಚಿಯವನು ಮಾತ್ರ ಒರಗಿರಲಿಲ್ಲ. ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು, ಬಲಗೈ ಚಾಚಿ ಪಕ್ಕದ ಕುರ್ಚಿಯ ಮುದುಕಿಯ ನಾಡಿ ಹಿಡಿದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನೀಲಿ ಟೈ, ಸಾಲದ್ದಕ್ಕೆ ಕುತ್ತಿಗೆಯಲ್ಲಿ ಸ್ಟೆತಾಸ್ಕೋಪ್ ಬೇರೆ!

"ಇವರ ನಾಡಿ ನಡುನಡುವೆ ಒಂದೊಂದು ಬಡಿತ ನುಂಗ್ತಾ ಇದೆ," ಅಂದ ಅವನು, ತಲೆ ಎತ್ತದೆ. "ಮುಟ್ಟದೆ ಹೇಗೆ ಹೇಳ್ಲಿ?"

"ನೀವು ಇಲ್ಲಿ ಪೇಷೆಂಟ್."

"ಹತ್ತೂವರೆ ತನಕ ಪೇಷೆಂಟ್. ಹನ್ನೊಂದರಿಂದ ಡಾಕ್ಟರ್. ರಸ್ತೆ ಆಚೆ ಕಾಣ್ತಿದೆಯಲ್ಲ, ಆ ಕ್ಲಿನಿಕ್ ನಂದು. ಹಾಲಿಸ್ ಟಾರ್ವರ್."

ಮುದುಕಿ ಕಂಬಳಿಯೊಳಗಿಂದ ಕತ್ತು ಹೊರಗೆ ಹಾಕಿದಳು. "ಅವನು ನಮ್ಮ ಡಾಕ್ಟ್ರು, ಮಗಳೇ. ಈ ಊರಲ್ಲಿ ಇರೋನು ಅವನೊಬ್ಬನೇ. ನೀನ್ಯಾರು? ಚಪ್ಪಲಿ ನೋಡಿದ್ರೆ ಅಟ್ಲಾಂಟಾದವಳ ಹಾಗಿದೀಯ."

"ಡಾಕ್ಟರ್ ಪೆಟ್‌ವೇ. ಇನ್ನು ಮೇಲೆ ಕಿಡ್ನಿ ನೋಡೋಳು ನಾನು."

ಆಗ ಹಾಲಿಸ್ ತಲೆ ಎತ್ತಿದ. ಅವನ ಕಣ್ಣು ಅವಳ ಬಿಳಿ ಕೋಟಿನ ಮೇಲಿದ್ದ ಹೆಸರಿನ ಮೇಲೆ ನಿಂತಿತು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು.

ಇವನಿಗೂ ಅದೇ ಚಾಳಿ... ಎಂದುಕೊಂಡಳು ಡೆಲ್ಫಿನ್. ಗಂಡಸರು ಎದೆಯ ಹತ್ತಿರ ನೋಟ ನಿಲ್ಲಿಸುವುದು ಅವಳಿಗೆ ಹೊಸದಾಗಿರಲಿಲ್ಲ. ಇವನ ನೋಟಕ್ಕೆ ಬೇರೆ ಕಾರಣ ಇದ್ದೀತು ಎಂದು ಹೊಳೆಯಬೇಕಾದರೆ ಇನ್ನೂ ಒಂಬತ್ತು ತಿಂಗಳು ಕಳೆಯಬೇಕಿತ್ತು, ಪಾಪ.

"ಸ್ವಾಗತ, ಡಾಕ್ಟರ್ ಪೆಟ್‌ವೇ," ಅಂದ ಹಾಲಿಸ್ ಮೆಲ್ಲಗೆ. "ಈ ನಮ್ಮ ಮಿಸ್ ಟೆಂಪಿಗೆ ಒಂದು ಇಸಿಜಿ ತೆಗೆಸ್ತೀರಾ?"

ತೆಗೆಸಿದಳು. ಅವನು ಹೇಳಿದ್ದೇ ಸರಿಯಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಡೆಲ್ಫಿನ್ ತನ್ನ ಹಾಗೆ ಕಪ್ಪು ಜನರೇ ಹೆಚ್ಚಿರುವ ಅಲಬಾಮಾದ ಈ ಮೂಲೆಗೆ ಬಂದದ್ದಕ್ಕೆ ಒಂದು ಗಟ್ಟಿ ಕಾರಣವಿತ್ತು.

ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ರಕ್ತ ನೋಡಿ ಹೇಳುವ ಸೂತ್ರವೊಂದಿದೆ. ಉತ್ತರ ಇಪ್ಪತ್ತಕ್ಕೆ ಇಳಿದರೆ ಬದಲಿ ಕಿಡ್ನಿಯ ಸರದಿಯಲ್ಲಿ ಹೆಸರು ಬರೆಸಬಹುದು. ಎಷ್ಟೋ ವರ್ಷ ಆ ಸೂತ್ರ ಎರಡು ಉತ್ತರ ಕೊಡುತ್ತಿತ್ತು, ಕಪ್ಪು ಜನರಿಗೆ ಒಂದು, ಉಳಿದವರಿಗೆ ಒಂದು. ಕಪ್ಪು ಮೈಯಲ್ಲಿ ಮಾಂಸಖಂಡ ಹೆಚ್ಚು ಎಂಬ ಊಹೆಯ ಮೇಲೆ ನಮ್ಮವರ ಅಂಕಿಗೆ ಒಂದಿಷ್ಟು ಸೇರಿಸುತ್ತಿದ್ದರು. ಹದಿನೆಂಟು ಇಪ್ಪತ್ತೆರಡಾಗುತ್ತಿತ್ತು. ಬಿಳಿಯ ಮನುಷ್ಯ ಹದಿನೆಂಟರ ಕಾಗದ ಹಿಡಿದು ಸರದಿಗೆ ನಿಂತರೆ, ಅದೇ ರಕ್ತದ ಕಪ್ಪು ಮನುಷ್ಯ "ಇನ್ನೂ ಸಮಯವಿದೆ" ಎಂಬ ಮಾತು ಕೇಳಿಕೊಂಡು ಮನೆಗೆ ಹೋಗುತ್ತಿದ್ದ.

ಈಗ ಅದು ತಪ್ಪು ಎಂದು ಎಲ್ಲರೂ ಒಪ್ಪಿದ್ದರು. ಹಳೆಯ ರಿಪೋರ್ಟ್ ಹುಡುಕಿ ತೋರಿಸಿದವರಿಗೆ ಕಳೆದುಹೋದ ವರ್ಷಗಳನ್ನು ಸರದಿಯಲ್ಲಿ ವಾಪಸ್ ಕೊಡಬೇಕೆಂದು ಹೊಸ ನಿಯಮ ಬಂದಿತ್ತು. ಕಾಗದ ಬೇಕು, ವರ್ಷ ಮುಗಿಯುವುದರೊಳಗೆ ಬೇಕು. ಆದರೆ ಲ್ಯಾಬಿನವರು ಏಳು ವರ್ಷಕ್ಕಿಂತ ಹಳೆಯದನ್ನೆಲ್ಲ ಎಸೆದು ಕೂತಿದ್ದರು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಊಟದ ಹಾಲಿನಲ್ಲಿ ಡೆಲ್ಫಿನ್ ಇದನ್ನೆಲ್ಲ ವಿವರಿಸಿದಳು. ಜನ ಕೋಳಿ, ಸೊಪ್ಪು, ಜೋಳದ ರೊಟ್ಟಿ ತಿನ್ನುತ್ತಾ ಕೇಳಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಅಂದ್ರೆ," ಅಂದಳು ಮಿಸ್ ಟೆಂಪಿ, "ಇಷ್ಟು ವರ್ಷ ನಮ್ಮ ಕಿಡ್ನಿ ಚೆನ್ನಾಗಿದೆ ಅಂತ ಸುಳ್ಳು ಹೇಳಿದ್ರಿ. ಈಗ ನಾವು ಕಾಗದ ತಂದುಕೊಟ್ರೆ ನಿಜ ಹೇಳ್ತೀರಿ."

"ಪುಸ್ತಕದಲ್ಲಿ ಹಾಗಿತ್ತು, ಮಿಸ್ ಟೆಂಪಿ. ನಾವೆಲ್ಲ ಹಾಗೇ ಲೆಕ್ಕ ಹಾಕ್ತಿದ್ವಿ."

"ನಾವೆಲ್ಲ ಅಂದ್ರೆ ಯಾರು, ಮಗಳೇ? ನೀನೂನಾ?"

ಉತ್ತರ ಬರುವ ಮೊದಲೇ ಹಿಂದಿನ ಸಾಲಿನಿಂದ ಹಾಲಿಸ್ ಎದ್ದು ನಿಂತ.

"ನಾನೂ, ಮಿಸ್ ಟೆಂಪಿ. ನಿಮ್ಮ ಕಾಗದಕ್ಕೆ ಸಹಿ ಹಾಕಿದೋನು ನಾನೇ. ಬೈಯೋದಿದ್ರೆ ನನ್ನನ್ನ ಬೈರಿ. ಅದಕ್ಕೆ ಮುಂಚೆ ಆ ಕೋಳಿ ಕೆಳಗಿಡಿ, ಬರೀ ಉಪ್ಪು ಅದು."

ಎಲ್ಲರೂ ನಕ್ಕರು. ಡಯಾಲಿಸಿಸ್ ನಡುವೆಯೂ ಸ್ಕೂಲ್ ಬಸ್ ಓಡಿಸುವ ರೇಫರ್ಡ್ ಎಲ್ಲರಿಗಿಂತ ಜೋರಾಗಿ ನಕ್ಕು, "ನನ್ನ ಹೆಸರು ಬರ್ಕೊಳಿ ಡಾಕ್ಟರಮ್ಮ, ನನಗೆ ಆತುರ ಇದೆ," ಅಂದ. ಆ ಹೊತ್ತಿಗೆ ಡೆಲ್ಫಿನ್‌ಗೆ ಅನಿಸಿದ್ದು ಇಷ್ಟೇ: ಈ ಮನುಷ್ಯ ನನ್ನ ಮರ್ಯಾದೆ ಉಳಿಸಿದ. ಯಾಕೆ ಉಳಿಸಿದ ಎಂದು ಕೇಳಿಕೊಳ್ಳಲಿಲ್ಲ.

ಆಮೇಲಿನ ಶನಿವಾರ ಮಧ್ಯಾಹ್ನಗಳೆಲ್ಲ ಹಾಲಿಸ್‌ನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕಳೆದವು. ಮೂವತ್ತು ವರ್ಷದ ಕಾಗದ ಅಲ್ಲಿ ಪೆಟ್ಟಿಗೆಗಳಲ್ಲಿ ಕೂತಿತ್ತು. ಇವರಿಬ್ಬರೂ ನೆಲದ ಮೇಲೆ ಕೂತು ಒಂದೊಂದೇ ಹಾಳೆ ತಿರುವುತ್ತಿದ್ದರು. ಸಿಕ್ಕಿದ ಅಂಕಿಯನ್ನು ಡೆಲ್ಫಿನ್ ಹೊಸ ಸೂತ್ರಕ್ಕೆ ಹಾಕುತ್ತಿದ್ದಳು.

"ಮಿಸ್ ಟೆಂಪಿ, ಹತ್ತೊಂಬತ್ತು. ಮೂರು ವರ್ಷ ವಾಪಸ್ ಸಿಗುತ್ತೆ."

"ರೇಫರ್ಡ್?"

"ಹದಿನೇಳು. ಐದು ವರ್ಷ, ಹಾಲಿಸ್. ಐದು ವರ್ಷ!"

ಹಾಲಿಸ್ ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಕೆಳಗಿದ್ದ ತನ್ನ ಸಹಿಯನ್ನು ನೋಡುತ್ತಾ ಕೂತ. ಸಂತೋಷದ ಸುದ್ದಿ ಕೇಳಿದ ಮುಖ ಅದಾಗಿರಲಿಲ್ಲ.

"ನಿನ್ನ ಕಾಗದ ಎಲ್ಲಿ?" ಕೇಳಿದಳು ಅವಳು. 'ನೀವು' ಹೋಗಿ 'ನೀನು' ಬಂದದ್ದು ಯಾವ ಶನಿವಾರ ಎಂದು ಇಬ್ಬರಿಗೂ ನೆನಪಿಲ್ಲ.

"ಸುಂಟರಗಾಳಿಗೆ ಮಾಡು ಹಾರಿದಾಗ ನೆನೆದು ಮುದ್ದೆ ಆಯ್ತು."

"ಬೇರೆ ಎಲ್ಲೂ ಇಲ್ವಾ?"

"ಇಲ್ಲ, ಡೆಲ್ಫಿನ್. ಮುಂದಿನ ಪೆಟ್ಟಿಗೆ ತೆಗಿ."

ಅವಳು ಬಿಡಲಿಲ್ಲ. ಲ್ಯಾಬಿಗೆ, ವಿಮೆಯವರಿಗೆ, ಅವನು ಕೆಲಸ ಕಲಿತ ಆಸ್ಪತ್ರೆಗೆ ಬರೆದಳು. ಎಲ್ಲ ಕಡೆಯಿಂದಲೂ ಇಲ್ಲ ಎಂಬ ಉತ್ತರವೇ ಬಂತು. ಆ ಒಂದು ಕಾಗದ ಸಿಕ್ಕಿದರೆ ಈ ಮನುಷ್ಯ ಬದುಕುತ್ತಾನೆ, ಸಿಗದಿದ್ದರೆ ನಾಲ್ಕು ವರ್ಷದಿಂದ ಕೂತ ಆ ಕುರ್ಚಿಯಲ್ಲೇ ಸವೆಯುತ್ತಾನೆ ಎಂಬುದೇ ಅವಳಿಗೆ ಎದ್ದರೂ ಕೂತರೂ ಯೋಚನೆಯಾಯಿತು. ತನ್ನ ಕಿಡ್ನಿಯನ್ನೇ ಕೊಡೋಣವೆಂದರೆ, ಬಿಪಿ ಮಾತ್ರೆ ನುಂಗುವವಳ ಕಿಡ್ನಿಯನ್ನು ಯಾರೂ ಮುಟ್ಟುವುದಿಲ್ಲ.

ಪ್ರೀತಿ ಯಾವಾಗ ಬಂತು? ಡಯಾಲಿಸಿಸ್‌ನವರ ತೋಳಿನಲ್ಲಿ ರಕ್ತನಾಳ ಜೋಡಿಸಿದ ಒಂದು ಉಬ್ಬು ಇರುತ್ತದೆ. ಕೈಯಿಟ್ಟರೆ ಒಳಗೆ ರಕ್ತ ಗುಂಯ್‌ಗುಡುವುದು ಗೊತ್ತಾಗುತ್ತದೆ. ಗುಂಯ್ ನಿಂತರೆ ಗಂಡಾಂತರ. ಹೊರಡುವ ಮುಂಚೆ ಡೆಲ್ಫಿನ್ ಅವನ ತೋಳಿಗೆ ಅಂಗೈ ಇಟ್ಟು ನೋಡುತ್ತಿದ್ದಳು, ಡಾಕ್ಟರ್ ನೋಡುವ ಹಾಗೆ. ಆಗಸ್ಟಿನ ಒಂದು ಮಧ್ಯಾಹ್ನ ನೋಡುವುದು ಮುಗಿದ ಮೇಲೂ ಅವಳ ಕೈ ಅಲ್ಲಿಂದ ಏಳಲಿಲ್ಲ.

"ಸರಿ ಇದೆಯಾ?" ಕೇಳಿದ ಹಾಲಿಸ್.

"ಸರಿ ಇದೆ."

"ಹಾಗಾದ್ರೆ ಇನ್ನೂ ಏನು ನೋಡ್ತಿದೀಯ?"

"ಸುಮ್ಮನಿರು."

ಅವನು ಸುಮ್ಮನಾದ. ಬಾಯಲ್ಲಿದ್ದ ಮಂಜುಗಡ್ಡೆಯ ಚೂರು ಕರಗುವವರೆಗೂ ಸುಮ್ಮನಿದ್ದ. ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವಂತಿಲ್ಲದವನು ಬಾಯಾರಿಕೆಗೆ ಮಂಜುಗಡ್ಡೆ ಚೀಪುತ್ತಾನೆ. ಅವನ ತುಟಿ ತಣ್ಣಗಿತ್ತು ಎಂಬುದು ಡೆಲ್ಫಿನ್‌ಗೆ ಆ ದಿನ ತಿಳಿಯಿತು.

"ನನ್ನ ಮೇಲೆ ಆಸೆ ಕಟ್ಕೋಬೇಡ," ಅಂದ ಅವನು ಆಮೇಲೆ, ಅವಳ ಕೂದಲಿನಲ್ಲಿ ಮುಖವಿಟ್ಟು.

"ಕಾಗದ ಹುಡುಕ್ತೀನಿ. ಸಿಗುತ್ತೆ."

ಅವನ ಎದೆ ಒಮ್ಮೆ ಜೋರಾಗಿ ಹೊಡೆದುಕೊಂಡದ್ದನ್ನು ಅವಳು ಪ್ರೀತಿ ಎಂದುಕೊಂಡಳು. ಪ್ರೀತಿ ಹೌದು. ಭಯವೂ ಹೌದು.

ಸೆಪ್ಟೆಂಬರಿನಲ್ಲಿ ರೇಫರ್ಡ್‌ಗೆ ಐದು ವರ್ಷ ಮಂಜೂರಾದ ಪತ್ರ ಬಂತು. ಅವನು ಅದನ್ನು ಬಸ್ಸಿನ ಗಾಜಿಗೆ ಅಂಟಿಸಿಕೊಂಡು ಊರೆಲ್ಲ ಓಡಾಡಿದ. ಮೂರನೆಯ ದಿನ ಕುರ್ಚಿಗೆ ಬರಲಿಲ್ಲ. ಮನೆಗೆ ಹೋಗಿ ನೋಡಿದರೆ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದ, ಹೃದಯ ನಿಂತು ಹೋಗಿತ್ತು. ಐವತ್ತನಾಲ್ಕು ವಯಸ್ಸು.

ಮಣ್ಣು ಮಾಡಿ ಬಂದ ದಿನ ಮಿಸ್ ಟೆಂಪಿ ಡೆಲ್ಫಿನ್‌ನ ಕೈ ಹಿಡಿದು, "ಐದು ವರ್ಷ ಕೊಟ್ರಿ, ಮಗಳೇ. ಅವನು ಬರೀ ಮೂರು ದಿನ ಉಪಯೋಗಿಸಿದ," ಅಂದಳು. ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ಅದೇ ಹೆಚ್ಚು ಚುಚ್ಚಿತು.

ಕಾಗದ ಸಿಕ್ಕಿದ್ದು ಅಕ್ಟೋಬರಿನಲ್ಲಿ. ಸಿಕ್ಕಿತು ಅನ್ನುವುದಕ್ಕಿಂತ, ಓಲಾ ಫೇ ತಂದುಕೊಟ್ಟಳು ಅನ್ನಬೇಕು.

ಓಲಾ ಫೇ ಹದಿನಾಲ್ಕು ವರ್ಷದಿಂದ ಹಾಲಿಸ್‌ನ ಕ್ಲಿನಿಕ್ಕಿನ ನರ್ಸು. ಊರಿನ ಗುಟ್ಟುಗಳೆಲ್ಲ ಅವಳ ಹೊಟ್ಟೆಯಲ್ಲಿವೆ, ಒಂದೂ ಹೊರಗೆ ಬಂದದ್ದಿಲ್ಲ. ಆ ಶುಕ್ರವಾರ ಮಧ್ಯಾಹ್ನ ಡಯಾಲಿಸಿಸ್ ಕೇಂದ್ರಕ್ಕೆ ಬಂದು, ಡೆಲ್ಫಿನ್‌ನ ಮೇಜಿನ ಮೇಲೆ ಒಂದು ಲಕೋಟೆ ಇಟ್ಟಳು.

"ಇದು ಅವನ ಡ್ರಾಯರಿನಲ್ಲಿ ಬೀಗ ಹಾಕಿತ್ತು. ಕೊಡಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದ. ರೇಫರ್ಡ್‌ನ ಹೂತು ಬಂದ ಮೇಲೆ ನನಗೆ ನಿದ್ದೆ ಇಲ್ಲ, ಡಾಕ್ಟರಮ್ಮ. ಆಣೆ ಮುರಿದ ಪಾಪ ನನಗಿರ್ಲಿ."

ಲಕೋಟೆಯೊಳಗೆ ಒಂದೇ ಹಾಳೆ. ಎಂಟು ವರ್ಷದ ಹಿಂದಿನ ಮಾರ್ಚ್ ತಿಂಗಳು. ಹೆಸರು, ಹಾಲಿಸ್ ಟಾರ್ವರ್. ಎರಡು ಸಾಲಿನಲ್ಲಿ ಎರಡು ಅಂಕಿ. ಹದಿನೆಂಟು. ಇಪ್ಪತ್ತೆರಡು.

ಡಯಾಲಿಸಿಸ್ ಶುರುವಾಗಿ ಅವನ ಹೆಸರು ಸರದಿಗೆ ಬಂದದ್ದು ನಾಲ್ಕು ವರ್ಷದ ಹಿಂದೆ. ಅಂದರೆ ನಾಲ್ಕು ವರ್ಷ! ಅವನಿಗೂ ನಾಲ್ಕು ವರ್ಷ ವಾಪಸ್!

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಂಡು ಮತ್ತೆ ನೋಡಿದಳು. ಹದಿನೆಂಟರ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದಿತ್ತು, ಹಾಳೆ ಹರಿಯುವಷ್ಟು ಒತ್ತಿ. ಇಪ್ಪತ್ತೆರಡರ ಸುತ್ತ ದುಂಡಗೆ ಸುತ್ತಿತ್ತು. ಕೆಳಗೆ ಅದೇ ಕೆಂಪಿನಲ್ಲಿ: "ಇನ್ನೂ ಸಮಯವಿದೆ. ಆರು ತಿಂಗಳ ನಂತರ ಮತ್ತೆ ನೋಡೋಣ. ಡಿ. ಪೆಟ್‌ವೇ."

ಡೆಲ್ಫಿನ್ ಆ ಸಹಿಯ ಮೇಲೆ ಬೆರಳಿಟ್ಟಳು. ಅವಳದೇ ಸಹಿ.

ಆಗ ಅವಳು ಅಟ್ಲಾಂಟಾದಲ್ಲಿ ತರಬೇತಿಯ ಡಾಕ್ಟರ್. ನಾಲ್ಕು ತಿಂಗಳು ಸಣ್ಣ ಊರುಗಳಿಂದ ಬಂದ ರಿಪೋರ್ಟುಗಳನ್ನು ಓದಿ ಅಭಿಪ್ರಾಯ ಬರೆಯುವ ಕೆಲಸ. ಗುಮಾಸ್ತರು ಅವಸರದಲ್ಲಿ ನಮ್ಮವರಿಗೂ ಬಿಳಿಯರ ಸಾಲನ್ನೇ ಓದಿಬಿಡುತ್ತಾರೆ, ನಮ್ಮವರನ್ನು ನಮ್ಮವರೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಅವಳಿಗೆ ಕೋಪ. ಅದಕ್ಕೇ ಕೆಂಪು ಪೆನ್ನು ಕೊಂಡಿದ್ದಳು. ಪ್ರತಿ ಕಪ್ಪು ರೋಗಿಯ ಕಾಗದದಲ್ಲೂ ಬಿಳಿಯರ ಅಂಕಿಯನ್ನು ಹೊಡೆದುಹಾಕಿ, ನಮ್ಮ ಸಾಲಿಗೆ ಸುತ್ತು ಹಾಕುತ್ತಿದ್ದಳು. ಬೇರೆ ಯಾರೂ ಅಷ್ಟು ಶ್ರದ್ಧೆಯಿಂದ ಮಾಡುತ್ತಿರಲಿಲ್ಲ. ಹೆಮ್ಮೆಯಿತ್ತು ಅವಳಿಗೆ.

ಅವಳು ರಸ್ತೆ ದಾಟಿದ್ದು, ಕಾಯುತ್ತಿದ್ದ ರೋಗಿಗಳ ನಡುವೆ ಹಾದು ಅವನ ಕೋಣೆಗೆ ನುಗ್ಗಿದ್ದು ಯಾವುದೂ ಅವಳಿಗೆ ಸರಿಯಾಗಿ ನೆನಪಿಲ್ಲ.

"ಮೊದಲ ದಿನವೇ ಗೊತ್ತಿತ್ತಾ ನಿನಗೆ?"

ಹಾಲಿಸ್ ಅವಳ ಕೈಯಲ್ಲಿದ್ದ ಹಾಳೆಯನ್ನು ನೋಡಿದ. ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದ.

"ಕೂತ್ಕೋ, ಡೆಲ್ಫಿನ್."

"ಗೊತ್ತಿತ್ತಾ?"

"ಗೊತ್ತಿತ್ತು."

"ಒಂಬತ್ತು ತಿಂಗಳು. ನಾನು ನಿನ್ನ ಮುಂದೆ ಊರು ಉದ್ಧಾರ ಮಾಡೋಳ ಥರ ಓಡಾಡ್ದೆ. ನೀನು ಇದನ್ನ ಬೀಗ ಹಾಕಿ ಇಟ್ಕೊಂಡು ನೋಡ್ತಾ ಕೂತಿದ್ದೆ. ಮಜಾ ಇತ್ತಾ?"

"ಹಾಗಲ್ಲ..."

"ಮತ್ತೆ ಹೇಗೆ? ಯಾಕೆ ಮುಚ್ಚಿಟ್ಟೆ? ಒಂದು ಕಾರಣ ಹೇಳು."

ಬಾಗಿಲಾಚೆ ಯಾರೋ ಕೆಮ್ಮಿದರು. ಆ ಕಾರಣ ಎಷ್ಟು ಚಿಕ್ಕದು, ಎಷ್ಟು ಸ್ವಾರ್ಥದ್ದು ಎಂದು ಅವನಿಗೆ ಗೊತ್ತಿತ್ತು. ರೇಫರ್ಡ್‌ನ ಗೋರಿಯ ಮಣ್ಣು ಇನ್ನೂ ಹಸಿಯಿರುವಾಗ ಅದನ್ನು ಬಾಯಿಬಿಟ್ಟು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ.

"ಈಗ ಬೇಡ," ಅಂದ.

ಅವಳು ತನಗೆ ತೋಚಿದ್ದನ್ನೇ ಅರ್ಥ ಮಾಡಿಕೊಂಡಳು. ಇವನು ನನ್ನನ್ನು ಕ್ಷಮಿಸಿಲ್ಲ... ನಾನು ಪ್ರೀತಿ ಅಂದುಕೊಂಡಿದ್ದು ವಿಚಾರಣೆ. ನನ್ನ ತಪ್ಪನ್ನು ನನಗೆ ತೋರಿಸುವುದಕ್ಕೇ ಇವನು ಆ ಕುರ್ಚಿಯಲ್ಲಿ ಕೂತು ಸಾಯುತ್ತಿದ್ದಾನೆ.

"ಈ ಕಾಗದ ಇವತ್ತೇ ಹೋಗುತ್ತೆ," ಅಂದಳು. "ಜೊತೆಗೆ ಇದು ನನ್ನ ತಪ್ಪು ಅಂತ ಬರೆದ ಪತ್ರವೂ ಹೋಗುತ್ತೆ. ಆಮೇಲೆ ನನ್ನ ಮುಖ ನೋಡೋ ಕಷ್ಟ ನಿನಗಿರಲ್ಲ."

ಸೋಮವಾರ ಕೇಂದ್ರಕ್ಕೆ ಬೇರೆ ಡಾಕ್ಟರ್ ಬಂದರು. ಡೆಲ್ಫಿನ್ ಅಟ್ಲಾಂಟಾಗೆ ಹೊರಟುಹೋಗಿದ್ದಳು.

ಅಲ್ಲಿ ಹೋಗಿ ಅತ್ತಳು ಎಂದು ಬರೆದರೆ ಸುಲಭ. ಅಳುವುದಕ್ಕೆ ಅವಳು ಪುರುಸೊತ್ತು ಕೊಟ್ಟುಕೊಳ್ಳಲಿಲ್ಲ. ತಾನು ಕಲಿತ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆ ನಾಲ್ಕು ತಿಂಗಳ ಕಡತ ಇನ್ನೂ ಇತ್ತು. ದಿನವೂ ಅಲ್ಲಿ ಕೂತು ತನ್ನ ಕೆಂಪು ಗೆರೆಗಳನ್ನು ಹುಡುಕಿದಳು. ಎಂಬತ್ತಾರು ಸಿಕ್ಕವು. ಒಂದೊಂದು ಹೆಸರಿಗೂ ಫೋನ್ ಮಾಡಿದಳು. ನಲವತ್ತೊಂದು ಮನೆಗಳಲ್ಲಿ ಹೆಂಡತಿಯೋ ಮಗನೋ ಎತ್ತಿಕೊಂಡು, ಅವರು ಹೋಗಿ ಇಷ್ಟು ವರ್ಷವಾಯಿತು ಅಂದರು.

"ನಿಮ್ಮ ಯಜಮಾನರ ರಿಪೋರ್ಟನ್ನ ನಾನು ತಪ್ಪಾಗಿ ಓದಿದ್ದೆ, ಅಮ್ಮ."

"ಫೋನ್ ಮಾಡಿ ಹೇಳಿದೆಯಲ್ಲ, ಮಗಳೇ. ಅಷ್ಟಾದ್ರೂ ಯಾರು ಮಾಡ್ತಾರೆ," ಅಂದಳು ಒಬ್ಬ ಮುದುಕಿ. ಬೈದವರ ಮಾತನ್ನು ತಡೆದುಕೊಂಡ ಡೆಲ್ಫಿನ್, ಆ ಒಳ್ಳೆಯ ಮಾತಿಗೆ ಮೆಟ್ಟಿಲ ಮೇಲೆ ಕುಸಿದು ಕೂತಳು.

ಟಲ್ಲೋವಾದಿಂದ ಹಾಲಿಸ್ ಎರಡು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಮೂರನೆಯ ಸಲ ಅವನು ಮಾಡಲಿಲ್ಲ.

ನವೆಂಬರ್ ಕೊನೆಗೆ ಸರದಿಯ ಕಚೇರಿಯಿಂದ ಅವಳಿಗೆ ಪತ್ರ ಬಂತು. ಹಾಲಿಸ್ ಟಾರ್ವರ್‌ಗೆ ನಾಲ್ಕು ವರ್ಷ ಮಂಜೂರಾಗಿದೆ. ಸರದಿಯಲ್ಲಿ ಅವನ ಹೆಸರು ಮೇಲೆ ಬಂದಿದೆ. ಹೃದಯದ ಪರೀಕ್ಷೆಗೆ ಕರೆಸುತ್ತಿದ್ದೇವೆ.

ಡೆಲ್ಫಿನ್ ಆ ಹಾಳೆಯನ್ನು ಎದೆಗೆ ಒತ್ತಿಕೊಂಡಳು. ನನ್ನನ್ನು ದ್ವೇಷಿಸಲಿ... ಬದುಕಿದ್ದು ದ್ವೇಷಿಸಲಿ.

ಎರಡು ವಾರಕ್ಕೆ ಎರಡನೆಯ ಪತ್ರ ಬಂತು. ಹೃದಯ ತನ್ನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿದೆ. ಶಸ್ತ್ರಚಿಕಿತ್ಸೆ ತಾಳುವುದಿಲ್ಲ. ಹೆಸರನ್ನು ಸರದಿಯಿಂದ ತೆಗೆಯಲಾಗಿದೆ.

ಅವಳು ಹೃದಯದ ಡಾಕ್ಟರಿಗೆ ಫೋನ್ ಮಾಡಿದಳು. "ನಾನು ಆ ಊರಿಗೆ ಹೋದ ಜನವರಿಯಲ್ಲೇ ಅವನು ಬಂದಿದ್ರೆ?"

"ಜನವರಿಯಲ್ಲಿ ಹೇಗಿತ್ತು ಅಂತ ನಾನು ನೋಡಿಲ್ಲ."

"ಎಂಟು ವರ್ಷದ ಹಿಂದೆ ಬಂದಿದ್ರೆ?"

"ಆಗ ಬಂದಿದ್ರೆ ಈ ಮಾತೇ ಬರ್ತಿರ್ಲಿಲ್ಲ, ಡಾಕ್ಟರ್ ಪೆಟ್‌ವೇ."

ಮರುದಿನ ಬುಧವಾರ. ಕತ್ತಲಿರುವಾಗಲೇ ಹೊರಟು, ಪೈನ್ ಮರಗಳ ನಡುವಿನ ರಸ್ತೆಯಲ್ಲಿ ನಾಲ್ಕು ಗಂಟೆ ಒಂದೇ ಸಮನೆ ಓಡಿಸಿಕೊಂಡು ಡೆಲ್ಫಿನ್ ಟಲ್ಲೋವಾ ತಲುಪಿದಳು. ರೇಫರ್ಡ್‌ನ ಕುರ್ಚಿಯಲ್ಲಿ ಯಾರೋ ಹೊಸ ಹುಡುಗಿ ಕಣ್ಣು ಮುಚ್ಚಿ ಒರಗಿದ್ದಳು. ಇಪ್ಪತ್ತೈದೂ ಇರಲಿಕ್ಕಿಲ್ಲ.

ಆರನೆಯ ಕುರ್ಚಿಯವನೂ ಒರಗಿದ್ದ. ಅವನನ್ನು ಹಾಗೆ ಅವಳು ನೋಡಿರಲಿಲ್ಲ. ಮುಖ ಊದಿಕೊಂಡಿತ್ತು, ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು.

ಅವಳು ಚಕ್ರದ ಸ್ಟೂಲು ಎಳೆದುಕೊಂಡು ಪಕ್ಕ ಕೂತಳು. ಅವನು ಕಣ್ಣು ಬಿಟ್ಟ.

"ಪತ್ರ ನಿನಗೂ ಬಂತಾ?"

"ಬಂತು."

"ಅದಕ್ಕೆ ಬಂದ್ಯಾ? ಕನಿಕರಕ್ಕೆ?"

"ಬೈಸಿಕೊಳ್ಳೋಕೆ ಬಂದೆ. ಬೈ. ನನ್ನ ಒಂದು ಗೆರೆ ನಿನ್ನ ಜೀವ ತಿಂತು. ಬೈದು ಮುಗಿಸು, ಹಾಲಿಸ್. ಒಳಗೆ ಇಟ್ಕೋಬೇಡ."

ಅವನು ತಲೆ ಅಲ್ಲಾಡಿಸಿದ.

"ಆ ಕಾಗದ ಬಂದ ದಿನ ನಾನೂ ಡಾಕ್ಟರಾಗಿದ್ದೆ, ಡೆಲ್ಫಿನ್. ಎರಡು ಅಂಕಿನೂ ನೋಡಿದ್ದೆ. ಇಪ್ಪತ್ತೆರಡು ಅಂತ ನೋಡಿ ಸಂತೋಷಪಟ್ಟೆ. ಅದೇ ವಾರ ರೇಫರ್ಡ್‌ಗೆ ಅದೇ ಮಾತು ಹೇಳಿ ಕಳಿಸ್ದೆ, ಸಮಯ ಇದೆ ಕಣೋ ಅಂತ. ನಾನು ಯಾವ ಬಾಯಲ್ಲಿ ನಿನ್ನನ್ನ ಬೈಲಿ?"

"ಮತ್ತೆ ಯಾಕೆ ಮುಚ್ಚಿಟ್ಟೆ?"

ಅವನು ಚಾವಣಿಯ ಕಡೆ ತಿರುಗಿದ. ಯಂತ್ರ ಒಂದು ಸಲ ಕೂಗಿ ಸುಮ್ಮನಾಯಿತು.

"ಮೊದಲ ವಾರ ಮುಚ್ಚಿಟ್ಟಿದ್ದು ನೀನು ಹೊಸಬಳು ಅಂತ. ಬಂದ ಕೂಡ್ಲೇ ಇದನ್ನ ಮುಖಕ್ಕೆ ಹಿಡಿದ್ರೆ ಓಡಿಹೋಗ್ತೀಯ, ಈ ಜನಕ್ಕೆ ಯಾರೂ ಇರಲ್ಲ ಅಂತ. ತಿಂಗಳು ಬಿಟ್ಟು ಕೊಡೋಣ ಅಂದ್ಕೊಂಡೆ. ತಿಂಗಳಾದ ಮೇಲೆ..." ಅವನ ದನಿ ಒಡೆಯಿತು. "ತಿಂಗಳಾದ ಮೇಲೆ ಶನಿವಾರ ಬಂತು. ನೀನು ನೆಲದ ಮೇಲೆ ಚಪ್ಪಲಿ ಬಿಟ್ಟು ಕೂತಿದ್ದೆ. ಈ ಕಾಗದ ನೋಡಿದ್ರೆ ಇವಳು ನನ್ನನ್ನ ನೋಡಿದಾಗೆಲ್ಲ ಆ ಗೆರೆನೇ ನೋಡ್ತಾಳೆ ಅನ್ನಿಸ್ತು. ಇನ್ನೊಂದು ಶನಿವಾರ ಆಗ್ಲಿ ಅಂದೆ. ಆಮೇಲೆ ಇನ್ನೊಂದು. ನಾಲ್ಕು ವರ್ಷ ಬೇಕಾ, ಇವಳು ಬೇಕಾ ಅಂತ ಕೇಳ್ಕೊಂಡ್ರೆ ಪ್ರತಿ ಸಲ ಒಂದೇ ಉತ್ತರ ಬರ್ತಿತ್ತು. ದೊಡ್ಡ ತ್ಯಾಗ ಏನಲ್ಲ. ಹೇಡಿತನ."

ಡೆಲ್ಫಿನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸಿಟ್ಟು, ದುಃಖ, ಪ್ರೀತಿ ಎಲ್ಲ ಒಟ್ಟಿಗೇ ನುಗ್ಗಿ ಬಂದವು.

"ದಡ್ಡ," ಅಂದಳು ಬೆರಳ ಸಂದಿಯಿಂದ. "ಇಷ್ಟು ದಡ್ಡನನ್ನ ನಾನು ಎಲ್ಲೂ ನೋಡಿಲ್ಲ. ಕಾಗದ ಕೊಟ್ಟಿದ್ರೂ ನಾನು ಇರ್ತಿದ್ದೆ."

"ಇರ್ತಿದ್ಯಾ?"

ಅವಳು ಕೈ ತೆಗೆದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಗೊತ್ತಿಲ್ಲ. ಓಡಿಹೋಗ್ತಿದ್ದೆನೋ ಏನೋ. ಓಡಿಹೋದೆನಲ್ಲ, ಈಗಲೂ."

"ವಾಪಸ್ ಬಂದೆಯಲ್ಲ."

"ನಿನ್ನನ್ನ ಪ್ರೀತಿಸ್ತೀನಿ. ಅದನ್ನ ಹೇಳದೆ ಹೋಗಿದ್ದೆ. ಅದಕ್ಕೇ ಬಂದೆ."

ಪಕ್ಕದ ಕುರ್ಚಿಯ ಕಂಬಳಿ ಅಲುಗಾಡಿತು. "ಅವನಿಗೆ ಬಿಪಿ ಏರ್ತಿದೆ ನೋಡು, ಮಗಳೇ," ಅಂದಳು ಮಿಸ್ ಟೆಂಪಿ, ಮೂರು ವರ್ಷ ವಾಪಸ್ ಸಿಕ್ಕಿಯೂ ಇನ್ನೂ ಕರೆ ಬಾರದೆ ಅಲ್ಲೇ ಕೂತಿದ್ದವಳು. "ನಾನು ಮಲಗಿದೀನಿ. ನೀವು ಮಾತಾಡಿ."

ಹಾಲಿಸ್ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವವರೆಗೂ ಡೆಲ್ಫಿನ್ ಅವನ ಬೆನ್ನಿಗೆ ಕೈ ಕೊಟ್ಟು ಹಿಡಿದುಕೊಂಡಳು.

"ನಾನು ಗುಣ ಆಗಲ್ಲ, ಡೆಲ್ಫಿನ್."

"ಗೊತ್ತು. ನಾನು ಕಿಡ್ನಿ ಡಾಕ್ಟರ್."

"ಹೆಚ್ಚಂದ್ರೆ ಎರಡು ವರ್ಷ."

"ಅದನ್ನ ನೀನು ನನಗೆ ಹೇಳ್ಕೊಡಬೇಡ." ಅವಳು ಸೂಜಿಯಿಲ್ಲದ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಸೋಮವಾರ, ಬುಧವಾರ, ಶುಕ್ರವಾರ ಈ ಕುರ್ಚಿ ನಿನ್ನನ್ನ ಇಟ್ಕೊಳ್ಳಲಿ. ಉಳಿದ ದಿನ ನನಗೆ ಕೊಡು."

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಕೈಯಲ್ಲಿ ಇರುವುದನ್ನು ಮಾತ್ರ ಕೊಡಬಲ್ಲವನ ಹಾಗೆ.

"ಶನಿವಾರ ಕ್ಲಿನಿಕ್ಕಿಗೆ ಜನ ಬರ್ತಾರೆ."

"ಅರ್ಧ ಜನರನ್ನ ನಾನು ನೋಡ್ತೀನಿ."

"ಭಾನುವಾರ ಚರ್ಚು."

"ಪಕ್ಕದಲ್ಲಿ ಕೂತ್ಕೋತೀನಿ."

"ಮಂಗಳವಾರ, ಗುರುವಾರ..." ಹಾಲಿಸ್ ಅವಳ ಬೆರಳುಗಳನ್ನು ಒತ್ತಿದ. ಆ ಒತ್ತಿನಲ್ಲಿ ಹೆಚ್ಚು ಬಲವಿರಲಿಲ್ಲ. "ಮಂಗಳವಾರ, ಗುರುವಾರ ಈಗ ಕ್ಲಿನಿಕ್ ಮುಚ್ತೀನಿ, ನನಗೆ ಯಾವ ಕೆಲಸವೂ ಇಲ್ಲ. ಪೂರ್ತಿ ನಿನಗೇ."

"ನಾಳೆ ಗುರುವಾರ," ಅಂದಳು ಡೆಲ್ಫಿನ್.